ದೊಡ್ಡಕ್ಷರ, ಚಿಕ್ಕಕ್ಷರ: ದೆಹಲಿ ಜಾಹೀರಾತುಗಳ ಎಪ್ಪತ್ತು ವರ್ಷ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋದೇ ಸಲೀಸು ಅನ್ನೋರಿಗೆ ಎಂದಿನಂತೆ ಬರಹರೂಪ ಇಲ್ಲಿದೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನೂ ಸೇರಿಸಿದ್ದೇನೆ.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋದವರು ಗಮನಿಸಿರ್ತೀರಿ. ಮಥುರಾ ದಾಟಿ ಫರೀದಾಬಾದ್ ಹತ್ತಿರ ಬರುವಾಗ ಹಳಿಯ ಪಕ್ಕದ ಗೋಡೆಗಳು ಮಾತಾಡೋಕೆ ಶುರು ಮಾಡ್ತವೆ. ಸುಣ್ಣ ಬಳಿದ ಗೋಡೆ, ಅದರ ಮೇಲೆ ಆಳೆತ್ತರದ ಹಿಂದಿ ಅಕ್ಷರ. 'ಗುಪ್ತ ರೋಗ', 'ಶಾದಿ ಸೆ ಪೆಹಲೆ, ಶಾದಿ ಕೆ ಬಾದ್', 'ಬವಾಸೀರ್' ಅಂದ್ರೆ ಮೂಲವ್ಯಾಧಿ. ಓಡೋ ರೈಲಿನಿಂದಲೂ ಓದೋಕೆ ಆಗಬೇಕು, ಅಷ್ಟು ದೊಡ್ಡದು. ಯಾವ ಔಷಧಿ, ಕೊಡೋನು ಏನು ಓದಿದ್ದಾನೆ, ಅದೆಲ್ಲ ಗೋಡೆ ಮೇಲೆ ಇರಲ್ಲ.

ಜಾಹೀರಾತು ಸುಳ್ಳು ಹೇಳುತ್ತೆ ಅನ್ನೋಕೆ ಒಂದು ಸಂಚಿಕೆ ಬೇಕಿಲ್ಲ, ಅದು ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇರೋದು ಇನ್ನೊಂದು ವಿಷಯದಲ್ಲಿ. ಒಂದೇ ಒಂದು ಸುಳ್ಳು ಪದ ಬಳಸದೆ, ನಿಜವನ್ನೇ ಬೇಕಾದ ಹಾಗೆ ಜೋಡಿಸಿ, ಯಾವುದೋ ಒಂದನ್ನ ದೊಡ್ಡದಾಗಿ, ಇನ್ನೊಂದನ್ನ ಚಿಕ್ಕದಾಗಿ ಅಚ್ಚು ಹಾಕಿ ಓದುಗನನ್ನ ದಾರಿ ತಪ್ಪಿಸೋದು ಇದೆಯಲ್ಲ, ಆ ಕಲೆ. ನಮ್ಮ ಕಾನೂನು ಮೊದಮೊದಲು ಬರೀ ಪದಗಳನ್ನ ಹಿಡಿಯೋಕೆ ಹೋಯಿತು. ಅಕ್ಷರದ ಗಾತ್ರ ನೋಡಬೇಕು ಅನ್ನೋ ಜಾಗಕ್ಕೆ ಬರೋಕೆ ಅದಕ್ಕೆ ಸುಮಾರು 70 ವರ್ಷ ಬೇಕಾಯಿತು. ಆ ಹಾದಿಯ ಮುಖ್ಯ ಜಗಳಗಳೆಲ್ಲ ನಡೆದಿದ್ದು ದೆಹಲಿಯಲ್ಲಿ ಅಥವಾ ಅದರ ಸುತ್ತಮುತ್ತ.

ಶುರು ಮಾಡೋಣ 1954ರಿಂದ. ಆ ವರ್ಷ ಸಂಸತ್ತು ಒಂದು ಕಾಯ್ದೆ ಮಾಡಿತು: ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್. ಆಕ್ಷೇಪಾರ್ಹ ಔಷಧಿ ಜಾಹೀರಾತುಗಳನ್ನ ತಡೆಯೋ ಕಾನೂನು. ಮಂತ್ರ, ತಾಯಿತ, ಕವಚ ಇವೂ ಅದರ ವ್ಯಾಪ್ತಿಗೆ ಬರ್ತವೆ. ಇದರಲ್ಲಿ 'ಜಾಹೀರಾತು' ಅಂದ್ರೆ ಏನು ಅನ್ನೋ ವ್ಯಾಖ್ಯೆ ಓದಿದರೆ ನಗು ಬರುತ್ತೆ. ನೋಟೀಸು, ಕರಪತ್ರ, ಲೇಬಲ್ಲು, ಸುತ್ತಿದ ಕಾಗದ, ಬಾಯಿಮಾತಿನ ಸಾರೋಣ, ಅಷ್ಟೇ ಅಲ್ಲ, ಬೆಳಕು, ಶಬ್ದ, ಹೊಗೆ ಇವುಗಳ ಮೂಲಕ ಮಾಡಿದ ಪ್ರಕಟಣೆ ಕೂಡ ಜಾಹೀರಾತೇ. ಹೊಗೆ! ವಿಮಾನದಲ್ಲಿ ಆಕಾಶದ ಮೇಲೆ ಹೊಗೆಯಿಂದ ಅಕ್ಷರ ಬರೆಯೋ ಕಾಲ ಅದು, ಅದಕ್ಕೇ ಇರಬೇಕು. ಯಾವ ಸಂದಿಯಿಂದಲೂ ತಪ್ಪಿಸಿಕೊಳ್ಳಬಾರದು ಅನ್ನೋ ಎಚ್ಚರ ಕರಡು ಬರೆದವರಿಗಿತ್ತು.

ಆದರೆ ಆ ಎಚ್ಚರವೆಲ್ಲ ಜಾಹೀರಾತು ಯಾವ ಮಾಧ್ಯಮದಲ್ಲಿ ಬರುತ್ತೆ ಅನ್ನೋದರ ಬಗ್ಗೆ. ಒಳಗಿನ ಉಪಾಯ ಸರಳ: ಕಾಯಿಲೆಗಳ ಒಂದು ಪಟ್ಟಿ. ಈ ಕಾಯಿಲೆಗಳಿಗೆ ಔಷಧಿ ಇದೆ ಅಂತ ಸಾರ್ವಜನಿಕವಾಗಿ ಜಾಹೀರಾತು ಕೊಡೋ ಹಾಗಿಲ್ಲ, ಔಷಧಿ ಕೆಲಸ ಮಾಡುತ್ತೋ ಇಲ್ಲವೋ ಅದು ಬೇರೆ ಮಾತು. ಇವತ್ತಿಗೂ ಆ ಪಟ್ಟಿಯಲ್ಲಿ 54 ಹೆಸರುಗಳಿವೆ. ಕ್ಯಾನ್ಸರ್, ಮಧುಮೇಹ, ಕುರುಡು, ಲಕ್ವ, ತೊನ್ನು, ರಕ್ತದೊತ್ತಡ. ಮನುಷ್ಯನ ಎತ್ತರ ಹೆಚ್ಚಿಸೋದು ಕೂಡ ಅದರಲ್ಲಿದೆ.

ಇದನ್ನ ಸುಪ್ರೀಂ ಕೋರ್ಟಿಗೆ ಎಳೆದವರಲ್ಲಿ ಮುಂಚೂಣಿಯಲ್ಲಿದ್ದದ್ದು ಹಳೇ ದೆಹಲಿಯ ಲಾಲ್ ಕುಆಂನ ಹಮ್‌ದರ್ದ್ ದವಾಖಾನೆ. ಹೌದು, ರೂಹ್ ಅಫ್ಜಾ ಶರಬತ್ತಿನ ಅದೇ ಹಮ್‌ದರ್ದ್. 1906ರಲ್ಲಿ ಶುರುವಾದ ಯುನಾನಿ ಔಷಧಿಯ ಮನೆ. 1958ರ ಡಿಸೆಂಬರ್‌ನಲ್ಲಿ ದೆಹಲಿಯ ಔಷಧ ನಿಯಂತ್ರಕರು, ನೀವು ಕಾಯ್ದೆ ಮೀರಿದ್ದೀರಿ, ಹೊರರಾಜ್ಯಗಳಿಗೆ ಕಳಿಸಿದ ಮಾಲನ್ನ ವಾಪಸ್ ತರಿಸಿ ಅಂದರು. ಹಮ್‌ದರ್ದ್ ವಾದ ಏನಪ್ಪಾ ಅಂದ್ರೆ, ಜಾಹೀರಾತು ಕೂಡ ಮಾತೇ, ಮಾತಿನ ಸ್ವಾತಂತ್ರ್ಯ ಸಂವಿಧಾನ ಕೊಟ್ಟಿದೆ. ಯುನಾನಿ, ಆಯುರ್ವೇದಗಳನ್ನ ತುಳಿಯೋದೇ ಈ ಕಾಯ್ದೆಯ ಒಳಉದ್ದೇಶ ಅನ್ನೋ ದೂರೂ ಜೊತೆಗಿತ್ತು. ಹಮ್‌ದರ್ದ್‌ನ ಔಷಧಿಗಳು ನಕಲಿ ಅಂತ ಈ ಮೊಕದ್ದಮೆ ತೀರ್ಮಾನಿಸಲಿಲ್ಲ. ಪ್ರಶ್ನೆ ಇದ್ದದ್ದು ಕಾನೂನಿನ ಸಿಂಧುತ್ವದ್ದು.

1959ರ ಡಿಸೆಂಬರ್ 18ಕ್ಕೆ ತೀರ್ಪು ಬಂತು. ಜಾಹೀರಾತು ಒಂದು ರೀತಿಯ ಮಾತು ಹೌದು, ಆದರೆ ಬರೀ ವ್ಯಾಪಾರಕ್ಕಾಗಿ ಆಡಿದ ಮಾತಿಗೆ ಆ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಅಂತ ಕೋರ್ಟು ಹೇಳಿತು. ಜೊತೆಗೆ, ಪಟ್ಟಿಗೆ ಸರ್ಕಾರ ತನಗೆ ತೋಚಿದ ಕಾಯಿಲೆಗಳನ್ನ ಸೇರಿಸೋ ಅಧಿಕಾರವನ್ನೂ, ಮಾಲು ವಶಪಡಿಸಿಕೊಳ್ಳೋ ಅಧಿಕಾರದ ಒಂದು ಭಾಗವನ್ನೂ ರದ್ದು ಮಾಡಿತು. 1963ರಲ್ಲಿ ತಿದ್ದುಪಡಿ ತಂದು ಪಟ್ಟಿಯನ್ನ ಕಾಯ್ದೆಯ ಒಳಗೇ ಸೇರಿಸಿದರು.

ಈ ತೀರ್ಪಿನ ಒಳಗೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಅಡಗಿದೆ. ಕೋರ್ಟು ಆಧಾರವಾಗಿ ತೆಗೆದುಕೊಂಡಿದ್ದು 1942ರ ಒಂದು ಅಮೆರಿಕನ್ ತೀರ್ಪು. ಕ್ರೆಸ್ಟೆನ್ಸನ್ ಅನ್ನೋನು ನ್ಯೂಯಾರ್ಕಿನಲ್ಲಿ ಒಂದು ಹಳೇ ಜಲಾಂತರ್ಗಾಮಿ ಹಡಗನ್ನ ತಂದು ನಿಲ್ಲಿಸಿ, ಕಾಸು ಕೊಟ್ಟು ನೋಡಿ ಅಂತ ಕರಪತ್ರ ಹಂಚುತ್ತಿದ್ದ. ವ್ಯಾಪಾರದ ಕರಪತ್ರ ಬೀದಿಯಲ್ಲಿ ಹಂಚಬಾರದು, ರಾಜಕೀಯ ಪ್ರತಿಭಟನೆಯದಾದರೆ ಅಡ್ಡಿಯಿಲ್ಲ ಅಂದರು ಪೊಲೀಸರು. ಅವನೇನು ಮಾಡಿದ? ಒಂದು ಮಗ್ಗುಲಲ್ಲಿ ಜಾಹೀರಾತು, ಇನ್ನೊಂದು ಮಗ್ಗುಲಲ್ಲಿ ನಗರಾಡಳಿತದ ವಿರುದ್ಧ ಪ್ರತಿಭಟನೆ ಅಚ್ಚು ಹಾಕಿಸಿದ! ಪದಗಳನ್ನ ಮಾತ್ರ ನೋಡೋ ಕಾನೂನಿಗೆ ಪುಟವಿನ್ಯಾಸದಿಂದ ಕೊಟ್ಟ ಉತ್ತರ ಅದು. ಅಮೆರಿಕದ ಕೋರ್ಟು ಅದನ್ನ ಒಪ್ಪಲಿಲ್ಲ, ಆ ಮಾತು ಬೇರೆ. ಆದರೆ ಜಾಹೀರಾತಿನವರ ಬುದ್ಧಿ ಯಾವ ಕಡೆ ಓಡುತ್ತೆ ಅನ್ನೋದು ಅಲ್ಲೇ ಗೊತ್ತಾಗುತ್ತೆ, ಅಲ್ವಾ?

ನಮ್ಮಲ್ಲೂ ಹಾಗೇ ಆಯಿತು. ಕಾಯಿಲೆಯ ಹೆಸರು ಹೇಳಬಾರದು ತಾನೇ? ಹೇಳೋದೇ ಬೇಡ. 'ಗುಪ್ತ ರೋಗ' ಅಂದರೆ ಸಾಕು, ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತೆ. 'ಕಳೆದುಹೋದ ಶಕ್ತಿ' ಅಂದರೆ ಯಾವ ಶಕ್ತಿ? 'ವಾಸಿಮಾಡುತ್ತದೆ' ಅನ್ನೋ ಜಾಗದಲ್ಲಿ 'ಸಹಾಯಕ' ಬಂತು. ಈ 'ಸಹಾಯಕ' ಅನ್ನೋ ಪದ ಒಂದು ಅದ್ಭುತ. ಓದುವಾಗ ಮದ್ದು ಅನ್ನಿಸುತ್ತೆ, ಕೋರ್ಟಿನಲ್ಲಿ ಬರೀ ನೆರವು ಆಗುತ್ತೆ.

ಮುಂದಿನ ದೊಡ್ಡ ಹೆಜ್ಜೆಗೆ ಎರಡು ದಶಕ ಕಾಯಬೇಕಾಯಿತು. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಸಮಿತಿ 1978ರಲ್ಲಿ ಕೊಟ್ಟ ವರದಿಯ ಮೇಲೆ, ಏಕಸ್ವಾಮ್ಯ ತಡೆಯೋ ಎಂಆರ್‌ಟಿಪಿ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಆಗಿ, 'ಅನುಚಿತ ವ್ಯಾಪಾರ ಪದ್ಧತಿ' ಅನ್ನೋ ಹೊಸ ತಪ್ಪು ಹುಟ್ಟಿಕೊಂಡಿತು. ಔಷಧಿ ಅಂತಲ್ಲ, ಯಾವ ಸರಕೇ ಆಗಲಿ. ಎರಡು ವರ್ಷಕ್ಕೆ ಗ್ರಾಹಕ ರಕ್ಷಣಾ ಕಾಯ್ದೆಯೂ ಬಂತು.

ಈ ಘಟ್ಟದಲ್ಲಿ ಒಂದು ಬ್ಯಾಟರಿ ಮೊಕದ್ದಮೆ ಇದೆ. ನೊವಿನೊ ಬ್ಯಾಟರಿ ನೆನಪಿದೆಯಾ, ಟಾರ್ಚಿಗೆ ಹಾಕ್ತಿದ್ದೆವಲ್ಲ? ಅದರ ಕಂಪನಿ ಲಖನ್‌ಪಾಲ್ ನ್ಯಾಷನಲ್. ಜಪಾನಿನ 'ನ್ಯಾಷನಲ್ ಪ್ಯಾನಾಸಾನಿಕ್' ಸಹಯೋಗ ಅಂತ ಜಾಹೀರಾತು ಹಾಕಿದ್ದರು. ಆ ಹೆಸರಿನ ಕಂಪನಿ ಜಪಾನಿನಲ್ಲಿ ಇರಲೇ ಇಲ್ಲ! ಸಹಯೋಗ ಇದ್ದದ್ದು ಮಾತ್ಸುಷಿತಾ ಅನ್ನೋ ಕಂಪನಿ ಜೊತೆ. ನ್ಯಾಷನಲ್, ಪ್ಯಾನಾಸಾನಿಕ್ ಎರಡೂ ಅದರ ಸರಕಿನ ಹೆಸರುಗಳು. ಇದು ಅನುಚಿತ ಅಂತ ಎಂಆರ್‌ಟಿಪಿ ಆಯೋಗ ಹೇಳಿತು. 1989ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. ಅಕ್ಷರಶಃ ತಪ್ಪಿರಬಹುದು, ಆದರೆ ಕೊಳ್ಳೋನಿಗೆ ಮೋಸ ಆಯಿತಾ? ಜನಕ್ಕೆ ಗೊತ್ತಿರೋದೇ ಆ ಸರಕಿನ ಹೆಸರು, ಸಹಯೋಗ ನಿಜವಾಗಿಯೂ ಇದೆ, ಅಂದಮೇಲೆ ಸಾಮಾನ್ಯ ಮನುಷ್ಯನ ಮನಸ್ಸಿನ ಮೇಲೆ ಆದ ಪರಿಣಾಮ ನೋಡಬೇಕು ಅಂದಿತು. ಕಂಪನಿ ಗೆದ್ದಿತು. ಆದರೆ ಆ ಅಳತೆಗೋಲನ್ನ ತಿರುಗಿಸಿ ಹಿಡಿದು ನೋಡಿ. ಮಾತು ಸುಳ್ಳಾದರೂ ಮೋಸ ಆಗದೇ ಇರಬಹುದು ಅಂತಾದರೆ, ಪದಗಳೆಲ್ಲ ನಿಜವಾಗಿದ್ದೂ ಮೋಸ ಆಗಬಹುದು ತಾನೇ? ಕಾನೂನಿನ ಗಮನ ಕಾಗದದ ಮೇಲಿಂದ ಓದುಗನ ತಲೆಯೊಳಕ್ಕೆ ಸರಿದದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಇನ್ನು ಯಮುನೆ ದಾಟಿ ನೋಯ್ಡಾಕ್ಕೆ ಹೋಗೋಣ. 2000ದ ನಂತರ ನೋಯ್ಡಾ, ಗ್ರೇಟರ್ ನೋಯ್ಡಾದಲ್ಲಿ ಫ್ಲ್ಯಾಟುಗಳ ಜಾತ್ರೆ. ಇಡೀ ಪುಟದ ಜಾಹೀರಾತು, ಈಜುಕೊಳ, ಹಸಿರು ಹುಲ್ಲು, ನೀಲಿ ಆಕಾಶ. ಮೂಲೆಯಲ್ಲಿ, ಕಲಾವಿದನ ಕಲ್ಪನೆ ಅಂತ ಇರುವೆಯಷ್ಟು ಅಕ್ಷರ. ಬೆಲೆ ಹೇಳೋದು 'ಸೂಪರ್ ಏರಿಯಾ' ಲೆಕ್ಕದಲ್ಲಿ. ಅಂದ್ರೆ ಮೆಟ್ಟಿಲು, ಲಿಫ್ಟು, ಮೊಗಸಾಲೆಯ ಪಾಲೂ ನಿಮ್ಮ ಮನೆಯ ಅಳತೆಗೆ ಸೇರುತ್ತೆ. ನಮ್ಮ ಬೆಂಗಳೂರಿನವರು 'ಸೂಪರ್ ಬಿಲ್ಟ್-ಅಪ್' ಅಂತೀವಲ್ಲ, ಅದೇ. ಸಾವಿರ ಚದರಡಿ ಅಂತ ಓದಿದವರು ಬೀಗದ ಕೈ ಸಿಕ್ಕ ದಿನ ಮಂಚ ಹಾಕೋಕೆ ಜಾಗ ಹುಡುಕಬೇಕು.

ಬೀಗದ ಕೈ ಸಿಕ್ಕವರದ್ದು ಅದೃಷ್ಟ ಅನ್ನಬೇಕು. ಆಮ್ರಪಾಲಿ ಸಮೂಹದ ಜಾಹೀರಾತಿನ ಮುಖ ಮಹೇಂದ್ರ ಸಿಂಗ್ ಧೋನಿ. ಮನೆ ಮುಗಿಸಿ ಕೊಡದ ಸಿಟ್ಟಿಗೆ ನಿವಾಸಿಗಳು ಟ್ವಿಟರ್‌ನಲ್ಲಿ ಧೋನಿಯನ್ನೇ ಕೇಳೋಕೆ ಶುರು ಮಾಡಿದ ಮೇಲೆ, 2016ರ ಏಪ್ರಿಲ್‌ನಲ್ಲಿ ಅವರು ಆ ರಾಯಭಾರ ಬಿಟ್ಟರು. 2019ರ ಜುಲೈ 23ಕ್ಕೆ ಸುಪ್ರೀಂ ಕೋರ್ಟು ಆಮ್ರಪಾಲಿಯ ರೇರಾ ನೋಂದಣಿ ರದ್ದುಮಾಡಿ, ಉಳಿದ ಕೆಲಸವನ್ನ ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ವಹಿಸಿತು. ಕಾದು ಕೂತಿದ್ದವರು 40 ಸಾವಿರಕ್ಕೂ ಹೆಚ್ಚು ಮಂದಿ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕಿನ ಕಂತು.

2016ರ ರೇರಾ ಕಾಯ್ದೆಯ 12ನೇ ಕಲಮು ಇಂಥವರಿಗಾಗಿಯೇ ಇರೋದು. ಜಾಹೀರಾತು, ಕೈಪಿಡಿ ಅಷ್ಟೇ ಅಲ್ಲ, ತೋರಿಸೋಕೆ ಕಟ್ಟಿದ ಮಾದರಿ ಫ್ಲ್ಯಾಟನ್ನ ನಂಬಿ ಮುಂಗಡ ಕೊಟ್ಟು ನಷ್ಟವಾದರೂ ಪರಿಹಾರ ಕೇಳಬಹುದು, ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು. ಹಾಗಾದರೆ ಚಿತ್ರವೂ ಮಾತೇ, ಷೋಕಿಗೆ ಜೋಡಿಸಿದ ಸೋಫಾ ಸೆಟ್ಟೂ ಒಂದು ಭರವಸೆಯೇ. ಬೆಂಗಳೂರಿನಲ್ಲಿ ಮನೆ ಕೊಳ್ಳೋರಿಗೂ ಇದೇ ಕಲಮು ಅನ್ವಯ, ಗೊತ್ತಿರಲಿ.

2019ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಹೊಸದಾಗಿ ಬಂತು. ಮುಖ್ಯವಾದ ಮಾಹಿತಿಯನ್ನ ಬೇಕಂತಲೇ ಮುಚ್ಚಿಡೋದು ಕೂಡ ದಾರಿತಪ್ಪಿಸೋ ಜಾಹೀರಾತು ಅಂತ ಅದರಲ್ಲಿ ಬರೆದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಚಿಕ್ಕದಾಗಿ ಸಿಸಿಪಿಎ, 2020ರ ಜುಲೈನಲ್ಲಿ ದೆಹಲಿಯಲ್ಲಿ ಶುರುವಾಯಿತು. ಮೊದಲ ತಪ್ಪಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕೋ ಅಧಿಕಾರ ಅದಕ್ಕಿದೆ.

2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳನ್ನ ಓದಿದಾಗ, ಕೊನೆಗೂ ಯಾರೋ ಪತ್ರಿಕೆಯ ಪುಟವನ್ನ ಮುಂದಿಟ್ಟುಕೊಂಡು ಕಾನೂನು ಬರೆದಿದ್ದಾರೆ ಅನ್ನಿಸಿತು. ಷರತ್ತು ಸ್ಪಷ್ಟವಾಗಿ ಕಾಣಬೇಕು. ಜಾಹೀರಾತಿನ ಮುಖ್ಯ ಮಾತಿಗೆ ಯಾವ ಅಕ್ಷರವಿನ್ಯಾಸವೋ ಷರತ್ತಿಗೂ ಅದೇ. ಧ್ವನಿಯಲ್ಲಿ ಹೇಳಿದರೆ ಷರತ್ತೂ ಅದೇ ವೇಗದಲ್ಲಿ ಬರಬೇಕು. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಉಸಿರು ಬಿಡದೆ ಒದರ್ತಿದ್ದರಲ್ಲ, ನನಗೆ ನೆನಪಾದದ್ದು ಅದು. ಇನ್ನೊಂದು ನಿಯಮ ನಮಗೆ, ಕನ್ನಡದವರಿಗೆ, ತುಂಬಾ ಮುಖ್ಯ: ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಆಸೆ ಹುಟ್ಟಿಸೋದು ಕನ್ನಡದಲ್ಲಿ, ಎಚ್ಚರಿಸೋದು ಇಂಗ್ಲಿಷಿನಲ್ಲಿ, ಇಂಥ ಜಾಹೀರಾತುಗಳನ್ನ ನಮ್ಮ ಪತ್ರಿಕೆಗಳಲ್ಲಿ ನೀವೇ ನೋಡಿರ್ತೀರಿ.

ಗಾತ್ರದ ವಿಷಯ ಸುಪ್ರೀಂ ಕೋರ್ಟಿನ ಒಳಗೇ ಬಂದದ್ದು 2024ರ ಏಪ್ರಿಲ್‌ನಲ್ಲಿ. ಭಾರತೀಯ ವೈದ್ಯಕೀಯ ಸಂಘ ಪತಂಜಲಿಯ ಜಾಹೀರಾತುಗಳ ಮೇಲೆ ಹಾಕಿದ್ದ ಮೊಕದ್ದಮೆ. ಅದರಲ್ಲಿ ಮತ್ತೆ ಕೇಳಿಬಂದದ್ದು ಯಾವ ಕಾಯ್ದೆ? ನಾವು ಆಗ ನೋಡಿದೆವಲ್ಲ, ಅದೇ 1954ರದ್ದು. ಕೋರ್ಟಿಗೆ ಕೊಟ್ಟ ಮಾತು ಮೀರಿದ್ದಕ್ಕೆ ಕಂಪನಿ 67 ಪತ್ರಿಕೆಗಳಲ್ಲಿ ಕ್ಷಮೆಯಾಚನೆ ಹಾಕಿಸಿದ್ದೇವೆ ಅಂತ ಹೇಳಿಕೊಂಡಿತು. ನೀವು ಹಾಕ್ತಿದ್ದ ಜಾಹೀರಾತಿನಷ್ಟೇ ದೊಡ್ಡದಾಗಿದೆಯೇ ಈ ಕ್ಷಮೆ ಅಂತ ನ್ಯಾಯಮೂರ್ತಿಗಳು ಕೇಳಿದರು. ಜೆರಾಕ್ಸಿನಲ್ಲಿ ಹಿಗ್ಗಿಸಿ ತರಬೇಡಿ, ಪತ್ರಿಕೆಯ ತುಣುಕನ್ನೇ ಕತ್ತರಿಸಿ ತನ್ನಿ, ನಿಜವಾದ ಗಾತ್ರ ನೋಡಬೇಕು ಅಂದರು. ಮರುದಿನವೇ ಪತ್ರಿಕೆಗಳಲ್ಲಿ ಇನ್ನೂ ದೊಡ್ಡ ಕ್ಷಮೆ ಬಂತು. ಆಗಸ್ಟ್‌ನಲ್ಲಿ ಕ್ಷಮೆ ಒಪ್ಪಿ ನ್ಯಾಂಗ ನಿಂದನೆ ಪ್ರಕರಣ ಮುಗಿಸಿದರು.

ಈಗ ಕೊನೆಯ ಜಾಗಕ್ಕೆ ಬರೋಣ. ನಮ್ಮ ನೋಡುಗರಲ್ಲಿ ಎಷ್ಟೋ ಜನಕ್ಕೆ ನೇರ ಸಂಬಂಧ ಇರೋ ಜಾಗ. ಕರೋಲ್ ಬಾಗ್ ಪಕ್ಕದ ಓಲ್ಡ್ ರಾಜಿಂದರ್ ನಗರ, ಉತ್ತರಕ್ಕೆ ಮುಖರ್ಜಿ ನಗರ. ಐಎಎಸ್ ಕೋಚಿಂಗ್ ಪೇಟೆ. ರಾಯಚೂರಿನಿಂದ, ವಿಜಯಪುರದಿಂದ, ಚಾಮರಾಜನಗರದಿಂದ ಹುಡುಗ ಹುಡುಗಿಯರು ಇಲ್ಲಿಗೆ ಬರ್ತಾರೆ. ಅಪ್ಪ ಸಾಲ ಮಾಡಿರ್ತಾನೆ, ಇಲ್ಲ ಹೊಲ ಅಡ ಇಟ್ಟಿರ್ತಾನೆ. ಯಾವ ಸಂಸ್ಥೆಗೆ ಸೇರಬೇಕು ಅಂತ ಊರಲ್ಲಿ ಕೂತು ತೀರ್ಮಾನ ಮಾಡೋಕೆ ಅವರ ಹತ್ತಿರ ಇರೋದು ಒಂದೇ ಆಧಾರ, ಜಾಹೀರಾತು.

ಆ ಜಾಹೀರಾತಿನ ವಿನ್ಯಾಸ ನಿಮಗೆ ಬಾಯಿಪಾಠ ಆಗಿರುತ್ತೆ. ಸಾಲು ಸಾಲು ಪಾಸ್‌ಪೋರ್ಟ್ ಫೋಟೋ, ಪ್ರತಿಯೊಂದರ ಕೆಳಗೆ ಕೆಂಪಕ್ಷರದಲ್ಲಿ ರ‍್ಯಾಂಕ್. ಮೇಲೆ, ನಮ್ಮಿಂದ ಇಷ್ಟು ಆಯ್ಕೆ ಅಂತ ದೊಡ್ಡ ಸಂಖ್ಯೆ. ಕೆಳಗೆ ಜಿಎಸ್ ಫೌಂಡೇಶನ್, ಆಪ್ಷನಲ್, ಪ್ರಿಲಿಮ್ಸ್ ಬ್ಯಾಚ್ ಅಂತ ಶುಲ್ಕದ ಕೋರ್ಸುಗಳ ಪಟ್ಟಿ. ಮೇಲಿನ ಮುಖಕ್ಕೂ ಕೆಳಗಿನ ಕೋರ್ಸಿಗೂ ಸಂಬಂಧ ಇದೆ ಅಂತ ಜಾಹೀರಾತು ಎಲ್ಲೂ ಹೇಳಲ್ಲ. ಅದನ್ನ ಜೋಡಿಸೋದು ನಮ್ಮ ಕಣ್ಣು.

ಯುಪಿಎಸ್‌ಸಿ ಪರೀಕ್ಷೆಗೆ ಮೂರು ಹಂತ: ಪ್ರಿಲಿಮ್ಸ್, ಮೇನ್ಸ್, ಸಂದರ್ಶನ. ಮೊದಲ ಎರಡು ದಾಟಿದವರಿಗೆ ಬಹುತೇಕ ಎಲ್ಲ ಸಂಸ್ಥೆಗಳೂ ಉಚಿತವಾಗಿ ಅಣಕು ಸಂದರ್ಶನ ಮಾಡ್ತವೆ. ಅಭ್ಯರ್ಥಿ ನಾಲ್ಕೈದು ಕಡೆ ಹೋಗಿ ಬರ್ತಾನೆ, ಪುಕ್ಕಟೆ ಅಭ್ಯಾಸ, ಯಾಕೆ ಬಿಡಬೇಕು? ಫಾರಂ ತುಂಬಿ ಫೋಟೋ ಕೊಡ್ತಾನೆ. ಫಲಿತಾಂಶ ಬಂದ ದಿನ ಆ ಒಂದೇ ನಗು ನಾಲ್ಕೈದು ಸಂಸ್ಥೆಗಳ ಜಾಹೀರಾತಿನಲ್ಲಿ ಅರಳುತ್ತೆ. ಒಂದು ವರ್ಷಕ್ಕೆ ಆಯ್ಕೆ ಆಗೋರು ಸಾವಿರದ ಆಸುಪಾಸು, 2022ರ ಪರೀಕ್ಷೆಯಲ್ಲಿ 933. ಎಲ್ಲ ಸಂಸ್ಥೆಗಳ ದೊಡ್ಡ ಸಂಖ್ಯೆಗಳನ್ನ ಕೂಡಿ ನೋಡಿ, ಲೆಕ್ಕ ತಾಳೆ ಆಗಲ್ಲ.

ಸಿಸಿಪಿಎ ಲೆಕ್ಕ ಕೇಳಿತು. 2022ರಲ್ಲಿ 200ಕ್ಕೂ ಹೆಚ್ಚು ಆಯ್ಕೆ ಅಂತ ಹೇಳಿಕೊಂಡ ಶ್ರೀರಾಮ್ಸ್ ಐಎಎಸ್ ಕೊಟ್ಟ ವಿವರ 171 ಜನರದ್ದು. ಅದರಲ್ಲಿ 102 ಮಂದಿ ಉಚಿತ ಸಂದರ್ಶನ ತರಬೇತಿಗೆ ಬಂದವರು, 55 ಮಂದಿ ಉಚಿತ ಟೆಸ್ಟ್ ಸೀರೀಸ್ ಬರೆದವರು, 5 ಮಂದಿ ರಾಜ್ಯ ಸರ್ಕಾರಗಳ ಜೊತೆಗಿನ ಒಪ್ಪಂದದಡಿ ಉಚಿತವಾಗಿ ಕಲಿತವರು. ತರಗತಿಯಲ್ಲಿ ಕೂತು ಜಿಎಸ್ ಕೋರ್ಸು ಓದಿದವರು 9. ಒಂಬತ್ತೇ! ಊರಿಂದ ಬರೋ ಹುಡುಗ ದುಡ್ಡು ಕಟ್ಟೋದು ಇಂಥ ತರಗತಿಗೆ. 2024ರ ಆಗಸ್ಟ್‌ನಲ್ಲಿ 3 ಲಕ್ಷ ದಂಡ ಬಿತ್ತು. ಇದು ಒಂದೇ ಸಂಸ್ಥೆಯ ಕಥೆ ಅಲ್ಲ, ಇದೇ ಬಗೆಯ ಕಾರಣಕ್ಕೆ ಹಲವರಿಗೆ ದಂಡ ಬಿದ್ದಿದೆ.

ಅದೇ ವರ್ಷ ಜುಲೈ 27ರ ಸಂಜೆ ಓಲ್ಡ್ ರಾಜಿಂದರ್ ನಗರದ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಸಾಮಾನು ಇಡೋಕೆ ಅಂತ ಅನುಮತಿ ಇದ್ದ ಜಾಗವನ್ನ ಗ್ರಂಥಾಲಯ ಮಾಡಿದ್ದರು. ಇಂಥದ್ದು ಯಾವ ಫೋಟೋ ಸಾಲಿನಲ್ಲೂ ಕಾಣಲ್ಲ.

2024ರ ನವೆಂಬರ್ 13ಕ್ಕೆ ಕೋಚಿಂಗ್ ಕ್ಷೇತ್ರಕ್ಕೇ ಪ್ರತ್ಯೇಕ ಮಾರ್ಗಸೂಚಿ ಬಂತು. ಯಶಸ್ವಿ ಅಭ್ಯರ್ಥಿಯ ಫೋಟೋ ಹಾಕಬೇಕಾದರೆ ಅವನ ಲಿಖಿತ ಒಪ್ಪಿಗೆ ಬೇಕು, ಅದೂ ಆಯ್ಕೆ ಆದ ಮೇಲೆ ಪಡೆದದ್ದು. ಸೇರುವಾಗಲೇ ಸಹಿ ಹಾಕಿಸಿಕೊಳ್ಳೋ ಹಾಗಿಲ್ಲ. ಹೆಸರು, ರ‍್ಯಾಂಕ್ ಜೊತೆಗೆ ಅವನು ಯಾವ ಕೋರ್ಸು ತಗೊಂಡಿದ್ದ, ಅದಕ್ಕೆ ದುಡ್ಡು ಕೊಟ್ಟಿದ್ದನೋ ಇಲ್ಲವೋ ಹೇಳಬೇಕು. ಷರತ್ತುಗಳು ಉಳಿದ ಮುಖ್ಯ ವಿವರಗಳಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಮನೆಯಲ್ಲಿ ಯಾರಾದರೂ ಈ ವರ್ಷ ದೆಹಲಿಗೆ ಹೊರಟಿದ್ದರೆ, ಸಂಸ್ಥೆಗೆ ಫೋನ್ ಮಾಡಿದಾಗ ರ‍್ಯಾಂಕ್ ಬಂದವರು ಎಷ್ಟು ಜನ ಅಂತ ಕೇಳಬೇಡಿ. ನಾನು ದುಡ್ಡು ಕಟ್ಟೋ ಕೋರ್ಸಿನಲ್ಲಿ ಓದಿದವರು ಅದರಲ್ಲಿ ಎಷ್ಟು ಅಂತ ಕೇಳಿ.

ಇನ್ನು ದಂಡದಿಂದ ಎಷ್ಟು ಬದಲಾಯಿತು ಅನ್ನೋದು. 2021ರ ಪರೀಕ್ಷೆಯಲ್ಲಿ 150ಕ್ಕೂ ಹೆಚ್ಚು ಆಯ್ಕೆ ಅಂತ ಹೇಳಿಕೊಂಡಿದ್ದ ದೃಷ್ಟಿ ಐಎಎಸ್, ಸಿಸಿಪಿಎಗೆ 161 ಜನರ ವಿವರ ಕೊಟ್ಟಿತು. ಅವರಲ್ಲಿ 148 ಮಂದಿ ಸಂದರ್ಶನ ತರಬೇತಿಯವರು, ಜಿಎಸ್ ಫೌಂಡೇಶನ್ ಓದಿದವರು 4. ದಂಡ 3 ಲಕ್ಷ, 2024ರ ಸೆಪ್ಟೆಂಬರ್‌ನಲ್ಲಿ. ಮುಂದಿನ ಪರೀಕ್ಷೆಗೆ ಅದೇ ಸಂಸ್ಥೆಯ ಜಾಹೀರಾತಿನಲ್ಲಿದ್ದ ಸಂಖ್ಯೆ 216ಕ್ಕೂ ಹೆಚ್ಚು. ಅವರಲ್ಲಿ 162 ಮಂದಿ ಉಚಿತ ಸಂದರ್ಶನ ತರಬೇತಿ ಬಿಟ್ಟು ಬೇರೇನೂ ತಗೊಂಡಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಮತ್ತೆ ಆದೇಶ ಬಂತು, ಈ ಸಲ 5 ಲಕ್ಷ. ಎರಡನೇ ತಪ್ಪಿಗೆ ಕಾಯ್ದೆಯಲ್ಲಿ 50 ಲಕ್ಷದವರೆಗೂ ಜಾಗ ಇತ್ತು.